ಹೊಸ ಸಮುದ್ರ ಟ್ಯಾಂಕ್: ಮೊದಲು ಸತ್ತದ್ದು ಮೀನಲ್ಲ

ಪ್ರಶ್ನೆ: ನಮ್ಮದು ಶಿಡ್ಲಘಟ್ಟ, ಮನೆಯಲ್ಲಿ ರೇಷ್ಮೆ ಹುಳು ಸಾಕಣೆ. ಗಪ್ಪಿ, ಗೋಲ್ಡ್ ಫಿಶ್ ಸಾಕಿ ವರ್ಷಗಳ ಅನುಭವ ಇದೆ. ಈ ಬೇಸಿಗೆಯಲ್ಲಿ ಧೈರ್ಯ ಮಾಡಿ ಸಮುದ್ರದ ಮೀನಿನ ಟ್ಯಾಂಕ್ ಮಾಡಿದೆ. ಮೂರು ಅಡಿ ಉದ್ದ, ಅಗಲ ಎತ್ತರ ಒಂದೂವರೆ ಅಡಿ. ನೀರು ಊರಿನ ಶುದ್ಧ ಕುಡಿಯುವ ನೀರಿನ ಘಟಕದ್ದು. ಸಮುದ್ರದ ಉಪ್ಪಿನ ಪ್ಯಾಕೆಟ್ ಬೆಂಗಳೂರಿನಿಂದ ತಂದೆ. ತಣ್ಣೀರಿಗೆ ಉಪ್ಪು ಕರಗದೆ ತಳದಲ್ಲಿ ಕೂರುತ್ತಿತ್ತು, ಅದಕ್ಕೆ ಬಚ್ಚಲಮನೆಯ ತಾಮ್ರದ ಹಂಡೆಯಲ್ಲಿ ಉಗುರುಬೆಚ್ಚಗೆ ಮಾಡಿ ಕಲಸಿ, ರಾತ್ರಿ ಹಾಗೇ ಬಿಟ್ಟು ಬೆಳಿಗ್ಗೆ ಟ್ಯಾಂಕಿಗೆ ತುಂಬಿಸಿದೆ. ತಾಮ್ರದ ನೀರು ಮನುಷ್ಯರಿಗೇ ಒಳ್ಳೆಯದು, ಮೀನಿಗೆ ಕೆಟ್ಟದ್ದೇ ಎಂದರು ಅಮ್ಮ. ಒಣ ಬಂಡೆ, ಮರಳು, ಒಂದು ಬಾಟಲಿ ಬ್ಯಾಕ್ಟೀರಿಯಾ ಹಾಕಿದೆ. ಆರನೇ ದಿನ ಎರಡು ಕ್ಲೌನ್, ಮೂರು ಡ್ಯಾಮ್ಸೆಲ್, ಒಂದು ಬ್ಲೂ ಟ್ಯಾಂಗ್, ಒಂದು ಕ್ಲೀನರ್ ಸೀಗಡಿ, ಐದು ಬಸವನಹುಳು ಒಟ್ಟಿಗೆ ಬಿಟ್ಟೆ. ಸೀಗಡಿ ಅದೇ ರಾತ್ರಿ ಸತ್ತಿತು. ಬಸವನಹುಳುಗಳು ಮರಳಿನೊಳಗೆ ಸೇರಿಕೊಂಡವು, ಆಮೇಲೆ ಕಂಡಿಲ್ಲ. ಮೂರನೇ ದಿನ ಟ್ಯಾಂಗ್ ಮಗ್ಗುಲಾಗಿ ಬಿದ್ದು ಏದುಸಿರು ಬಿಡುತ್ತಾ ಹೋಯಿತು. ಮರುದಿನದಿಂದ ಒಂದೊಂದಾಗಿ ಎರಡೂ ಕ್ಲೌನ್, ಎರಡು ಡ್ಯಾಮ್ಸೆಲ್ ಹೋದವು. ಈಗ ಒಂದು ಡ್ಯಾಮ್ಸೆಲ್ ಮಾತ್ರ ಇದೆ. ಬಿಳಿ ಚುಕ್ಕೆ ಯಾವುದಕ್ಕೂ ಇರಲಿಲ್ಲ. ನೀರು ಕನ್ನಡಿಯ ಹಾಗೆ ತಿಳಿಯಾಗಿದೆ. ಉಪ್ಪಿನಂಶ ಅಳೆಯುವ ತೇಲುವ ಹೈಡ್ರೋಮೀಟರ್ 1.024 ತೋರಿಸುತ್ತದೆ. ಕಿಟ್‌ನಲ್ಲಿ ಅಮೋನಿಯಾ 1ರಿಂದ 2ರ ನಡುವೆ, ನೈಟ್ರೈಟ್ ಸೊನ್ನೆ, ಪಿಎಚ್ 8.2. ಫ್ಯಾನ್ ಹಾಕಿರುವುದರಿಂದ ದಿನಾ ಎರಡು ಲೀಟರ್ ಆರುತ್ತದೆ, ಅಷ್ಟು ಉಪ್ಪುನೀರು ತುಂಬಿಸುತ್ತೇನೆ. ಅಂಗಡಿಯವರು ರೋಗ ಇರಬೇಕು, ಬಿಳಿ ಚುಕ್ಕೆಯ ಔಷಧಿ ಹಾಕಿ ಅನ್ನುತ್ತಾರೆ. ಹುಳುಮನೆಗೆ ಹೊಡೆಯುವ ಬ್ಲೀಚಿಂಗ್ ಪೌಡರಿನ ಗಾಳಿ ತಗುಲಿರಬಹುದೇ? ಪರಿಚಯದವರೊಬ್ಬರು ರಾಮೇಶ್ವರದ ಕಡೆಯಿಂದ ಲೈವ್ ರಾಕ್ ತರಿಸಿಕೊಡುತ್ತೇನೆ, ಅದನ್ನು ಹಾಕಿದರೆ ಎಲ್ಲ ಸರಿಹೋಗುತ್ತದೆ ಅನ್ನುತ್ತಿದ್ದಾರೆ. ಏನು ಮಾಡಲಿ? ಎಲ್ಲ ಕಿತ್ತು ಮತ್ತೆ ಗೋಲ್ಡ್ ಫಿಶ್ಶೇ ಸಾಕಲೇ?

ಉತ್ತರ: ಔಷಧಿ ಬಾಟಲಿಯ ಮುಚ್ಚಳ ತೆಗೆಯಬೇಡಿ. ಮೊದಲು ಅದು. ಕಾರಣ ಮುಂದೆ ಹೇಳುತ್ತೇನೆ.

ನಿಮ್ಮ ಪತ್ರ ನನಗೆ ಬಹಳ ಉಪಯೋಗಕ್ಕೆ ಬಂತು. ಹೆಚ್ಚಿನವರು "ಮೀನು ಸಾಯ್ತಾ ಇದೆ, ಏನು ಹಾಕಲಿ" ಎಂದು ಒಂದು ಸಾಲು ಬರೆದು ಫೋಟೋ ಕಳಿಸುತ್ತಾರೆ. ನೀವು ಯಾವುದು ಯಾವಾಗ ಸತ್ತಿತು ಎಂದು ಬರೆದಿದ್ದೀರಿ. ಹೊಸ ಟ್ಯಾಂಕಿನಲ್ಲಿ ಸಾವಿನ ಸರದಿಯೇ ಅರ್ಧ ಉತ್ತರ. ಬಿಟ್ಟ ಕೆಲವೇ ಗಂಟೆಗಳಲ್ಲಿ ಸತ್ತರೆ ಉಪ್ಪಿನಂಶದ ಏರುಪೇರನ್ನೋ ವಿಷವನ್ನೋ ಹುಡುಕಬೇಕು. ಎರಡರಿಂದ ಐದಾರು ದಿನದೊಳಗೆ ಏದುಸಿರು ಬಿಟ್ಟು ಸತ್ತರೆ ಅಮೋನಿಯಾ. ವಾರ ಕಳೆದ ಮೇಲೆ, ಮೈಮೇಲೆ ಏನಾದರೂ ಗುರುತು ಕಾಣಿಸಿಕೊಂಡು ಸತ್ತರೆ ಪರೋಪಜೀವಿ. ಇದಕ್ಕೆ ಅಪವಾದ ಇಲ್ಲವೆಂದಲ್ಲ, ಆದರೆ ಹುಡುಕಾಟ ಶುರುಮಾಡಬೇಕಾದ್ದು ಇಲ್ಲಿಂದ.

ನೀವು ಸತ್ತ ಮೀನುಗಳ ಲೆಕ್ಕ ಇಟ್ಟಿದ್ದೀರಿ, ಬಸವನಹುಳುಗಳನ್ನು ಲೆಕ್ಕಕ್ಕೇ ಹಿಡಿದಿಲ್ಲ. ಸಮುದ್ರದ ಬಸವನಹುಳುಗಳಲ್ಲಿ ಮರಳಲ್ಲಿ ಹುದುಗುವ ಜಾತಿಗಳಿವೆ ನಿಜ, ಆದರೆ ಅವೂ ಸಂಜೆಯಾದರೆ, ಊಟದ ವಾಸನೆ ಬಂದರೆ ಸೊಂಡಿಲು ಮೇಲೆತ್ತಿಕೊಂಡು ಹೊರಗೆ ಬರುತ್ತವೆ. ಐದಕ್ಕೆ ಐದೂ ಒಮ್ಮೆಯೂ ಹೊರಗೆ ಬಂದಿಲ್ಲ ಅಂದರೆ ಅವು ಸೇರಿಕೊಂಡಿಲ್ಲ, ಸತ್ತಿವೆ. ಒಂದು ಕೆಲಸ ಮಾಡಿ: ಮರಳನ್ನು ಬೆರಳಿನಿಂದ ಕೆದಕಿ ಒಂದು ಚಿಪ್ಪು ಹೊರತೆಗೆದು ಮೂಸಿ ನೋಡಿ. ಎರಡನೇ ಸಲ ಮೂಸುವ ಅಗತ್ಯ ಬೀಳುವುದಿಲ್ಲ.

ಸೀಗಡಿ ಒಂದೇ ರಾತ್ರಿಗೆ, ಬಸವನಹುಳು ಬಹುಶಃ ಅದೇ ರಾತ್ರಿ, ಆದರೆ ಅದೇ ನೀರಲ್ಲಿ ಆರು ಮೀನುಗಳಿಗೆ ಎರಡು ದಿನ ಏನೂ ಆಗಲಿಲ್ಲ. ಬೆನ್ನೆಲುಬಿಲ್ಲದವನ್ನು ಮಾತ್ರ ಆರಿಸಿ ಕೊಲ್ಲುವ ವಸ್ತು ಯಾವುದು? ಮೀನು ಸಾಕುವ ಯಾರನ್ನೇ ಕೇಳಿ, ಮೊದಲು ಬರುವ ಹೆಸರು ತಾಮ್ರ. ನಿಮ್ಮ ಹಂಡೆ.

ಅಮ್ಮನ ಮಾತನ್ನು ತಳ್ಳಿಹಾಕುತ್ತಿಲ್ಲ. ಕುಡಿಯುವ ನೀರನ್ನು ತಾಮ್ರದ ಚೆಂಬಿನಲ್ಲಿಟ್ಟರೆ ಅದಕ್ಕೆ ಇಳಿಯುವ ತಾಮ್ರ ತೀರಾ ಅತ್ಯಲ್ಪ. ಉಪ್ಪುನೀರಿನ ಕಥೆ ಬೇರೆ. ಸಮುದ್ರದ ನೀರಿನಲ್ಲಿರುವ ಕ್ಲೋರೈಡ್ ತಾಮ್ರವನ್ನು ಕೊರೆಯುತ್ತದೆ, ಅದನ್ನು ಬೆಚ್ಚಗೆ ಮಾಡಿ ರಾತ್ರಿಯಿಡೀ ಬಿಟ್ಟರೆ ಇನ್ನೂ ಜೋರು. ಹಂಡೆಯ ಒಳಮೈ ಬೆಳಿಗ್ಗೆ ತಿಕ್ಕಿ ಬೆಳಗಿದ ಹಾಗೆ ಫಳಫಳ ಅನ್ನುತ್ತಿತ್ತೇ, ಅಥವಾ ಅಂಚಿನಲ್ಲಿ ಹಸಿರು ಕಿಲುಬು ಕಟ್ಟಿತ್ತೇ? ಎರಡರಲ್ಲಿ ಯಾವುದಾದರೂ ಸರಿ, ಹೋದ ತಾಮ್ರ ನಿಮ್ಮ ಟ್ಯಾಂಕಿಗೇ ಹೋಗಿದೆ. ನಿಮ್ಮ ಕಡೆ ದ್ರಾಕ್ಷಿ ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತಾರಲ್ಲ, ಅದರಲ್ಲಿರುವ ಮೈಲುತುತ್ತವೂ ತಾಮ್ರದ ಲವಣವೇ. ಬಸವನಹುಳು ಅದರ ಹತ್ತಿರ ಸುಳಿಯುವುದಿಲ್ಲ.

ಈಗ ಔಷಧಿಯ ವಿಷಯ. ಸಮುದ್ರ ಮೀನಿನ ಬಿಳಿ ಚುಕ್ಕೆಗೆ ಅಂಗಡಿಗಳಲ್ಲಿ ಸಿಗುವ ಬಹುಪಾಲು ಔಷಧಿಗಳಲ್ಲಿ ಇರುವುದೂ ಇದೇ ತಾಮ್ರ. ಸರಿಯಾದ ಪ್ರಮಾಣದಲ್ಲಿ, ಅಂದರೆ ತಾಮ್ರದ ಅಯಾನು ಲೀಟರ್‌ಗೆ 0.15ರಿಂದ 0.20 ಮಿಲಿಗ್ರಾಂ ಇದ್ದಾಗ, ಮೀನು ತಡೆದುಕೊಳ್ಳುತ್ತದೆ, ಪರೋಪಜೀವಿ ಸಾಯುತ್ತದೆ. ಸೀಗಡಿ, ಬಸವನಹುಳು ಅದಕ್ಕಿಂತ ಎಷ್ಟೋ ಕಡಿಮೆಯಲ್ಲೇ ಸಾಯುತ್ತವೆ. ನಿಮ್ಮ ನೀರಿನಲ್ಲಿ ಈಗಾಗಲೇ ಎಷ್ಟಿದೆಯೋ ತಿಳಿಯದು. ಅದರ ಮೇಲೆ ಇನ್ನೊಂದು ಮುಚ್ಚಳ ಸುರಿದರೆ ಉಳಿದಿರುವ ಡ್ಯಾಮ್ಸೆಲ್ಲೂ ಹೋಗುತ್ತದೆ. ಅಂಗಡಿಯವರು ಕೆಟ್ಟ ಉದ್ದೇಶದಿಂದ ಹೇಳಿದ್ದಾರೆ ಅನ್ನಿಸುವುದಿಲ್ಲ. ಫೋನಿನಲ್ಲಿ "ಮೀನು ಸಾಯ್ತಾ ಇದೆ" ಅಂದರೆ ಅವರು ಕೊಡುವ ಉತ್ತರ ಅದೇ. ಹಂಡೆಯ ಸುದ್ದಿ ನೀವು ಅವರಿಗೆ ಹೇಳಿರಲಿಕ್ಕಿಲ್ಲ.

ಹಾಗಾದರೆ ಮೀನುಗಳನ್ನು ಕೊಂದದ್ದೂ ತಾಮ್ರವೇ? ನನಗೆ ಹಾಗೆ ಕಾಣುವುದಿಲ್ಲ. ತಾಮ್ರ ಸೊರಗಿಸಿರಬಹುದು, ಕೊಂದದ್ದು ಅಮೋನಿಯಾ. ಐದು ಬಸವನಹುಳುಗಳ ಮಾಂಸ ಮರಳಿನೊಳಗೆ ಕೊಳೆಯುತ್ತಿದೆ, ಮೇಲೆ ಆರು ಮೀನು, ಆರು ದಿನದ ಟ್ಯಾಂಕು. ಮೀನು ಕಿವಿರಿನ ಮೂಲಕ ಅಮೋನಿಯಾ ಬಿಡುತ್ತಲೇ ಇರುತ್ತದೆ, ತಿನ್ನದೆ ಉಳಿದ ಊಟ ಕೊಳೆತರೂ ಅಮೋನಿಯಾ. ಹಳೆಯ ಟ್ಯಾಂಕಿನಲ್ಲಿ ಬಂಡೆ, ಮರಳು, ಫಿಲ್ಟರಿನ ಮೇಲೆ ಮನೆಮಾಡಿದ ಒಂದು ಗುಂಪು ಬ್ಯಾಕ್ಟೀರಿಯಾ ಇದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಗುಂಪು ಅದನ್ನು ನೈಟ್ರೇಟ್ ಮಾಡುತ್ತದೆ. ಈ ಎರಡೂ ಗುಂಪು ಬೆಳೆದು ನಿಲ್ಲಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ನಿಮ್ಮ ನೈಟ್ರೈಟ್ ಸೊನ್ನೆ ಇರುವುದನ್ನು ನೋಡಿ ನೀವು ಸಮಾಧಾನಪಟ್ಟಿರಬೇಕು. ಅದು ಸಮಾಧಾನದ ಸುದ್ದಿಯಲ್ಲ. ಅಮೋನಿಯಾ ಏರಿದೆ, ನೈಟ್ರೈಟ್ ಸೊನ್ನೆ ಅಂದರೆ ಮೊದಲ ಗುಂಪು ಇನ್ನೂ ಕೆಲಸವನ್ನೇ ಹಿಡಿದಿಲ್ಲ. ಬಾಟಲಿ ಬ್ಯಾಕ್ಟೀರಿಯಾ ಸುಳ್ಳೆಂದು ನಾನು ಹೇಳುವುದಿಲ್ಲ, ಒಳ್ಳೆಯದು ಸಿಕ್ಕರೆ ವಾರಗಳು ಉಳಿಯುತ್ತವೆ. ಆದರೆ ಅದು ಜೀವಂತ ಸರಕು. ನಮ್ಮ ಬೇಸಿಗೆಯಲ್ಲಿ ಗೋದಾಮಿನ ತಗಡಿನ ಕೆಳಗೆ ತಿಂಗಳುಗಟ್ಟಲೆ ಬಿದ್ದ ಬಾಟಲಿಯಲ್ಲಿ ಎಷ್ಟು ಜೀವ ಉಳಿದಿರುತ್ತದೋ ದೇವರೇ ಬಲ್ಲ.

ಗಪ್ಪಿ ಸಾಕಿದವರು ಇಲ್ಲಿ ಒಂದು ತಪ್ಪು ಲೆಕ್ಕ ಹಾಕುತ್ತಾರೆ. "ಗಪ್ಪಿ ಟ್ಯಾಂಕಿನಲ್ಲೂ ಅಮೋನಿಯಾ 1 ಬಂದಿತ್ತು, ಏನೂ ಆಗಲಿಲ್ಲವಲ್ಲ" ಅನ್ನುತ್ತಾರೆ. ಕಿಟ್ ತೋರಿಸುವುದು ಒಟ್ಟು ಅಮೋನಿಯಾ. ಅದರಲ್ಲಿ ಬಹುಪಾಲು ಅಮೋನಿಯಂ, ಅಷ್ಟು ಹಾನಿಯಿಲ್ಲದ್ದು. ಕಿವಿರನ್ನು ಸುಡುವುದು ಉಳಿದ ಭಾಗ, ಮತ್ತು ಆ ಭಾಗ ಎಷ್ಟೆಂಬುದನ್ನು ಪಿಎಚ್ ನಿರ್ಧರಿಸುತ್ತದೆ. ಪಿಎಚ್ 7 ಇರುವ ಸಿಹಿನೀರಿನಲ್ಲಿ ಅದು ನೂರಕ್ಕೆ ಅರ್ಧ ಪಾಲು. ಪಿಎಚ್ 8.2, ಉಷ್ಣತೆ 27 ಡಿಗ್ರಿ ಇರುವ ಸಮುದ್ರದ ನೀರಿನಲ್ಲಿ ನೂರಕ್ಕೆ 7–8 ಪಾಲು. ಅದೇ ಬಣ್ಣ, ಅದೇ ಅಂಕಿ, ವಿಷ ಮಾತ್ರ ಹತ್ತು ಪಟ್ಟಿಗೂ ಹೆಚ್ಚು. ನಿಮ್ಮ 1ರಿಂದ 2ರ ರೀಡಿಂಗ್‌ನಲ್ಲಿ ವಿಷದ ಭಾಗ ಲೀಟರ್‌ಗೆ 0.08ರಿಂದ 0.16 ಮಿಲಿಗ್ರಾಂ ಆಗುತ್ತದೆ. 0.02 ದಾಟಬಾರದು ಎಂಬುದು ಸಾಮಾನ್ಯವಾಗಿ ಹೇಳುವ ಮಿತಿ. ಟ್ಯಾಂಗ್ ಮೊದಲು ಹೋದದ್ದೂ, ಏದುಸಿರು ಬಿಟ್ಟದ್ದೂ, ಡ್ಯಾಮ್ಸೆಲ್ ಕೊನೆಗೆ ಉಳಿದದ್ದೂ ಇದಕ್ಕೆ ಸರಿಹೊಂದುತ್ತವೆ. ಡ್ಯಾಮ್ಸೆಲ್ ಗಟ್ಟಿಪಿಂಡ. ನೈಟ್ರೈಟ್ ಮಾತ್ರ ತಿರುಗುಮುರುಗು: ಸಿಹಿನೀರಿನಲ್ಲಿ ಅದು ಯಮ, ಉಪ್ಪುನೀರಿನಲ್ಲಿ ಕ್ಲೋರೈಡ್ ಅದನ್ನು ಕಿವಿರಿನೊಳಗೆ ಸೇರಗೊಡುವುದಿಲ್ಲ. ಮುಂದೆ ನೈಟ್ರೈಟ್ ಏರಿದಾಗ ಗಾಬರಿಯಾಗಬೇಡಿ.

ನೀರು ತಿಳಿಯಾಗಿದೆ ಎಂದು ಬರೆದಿದ್ದೀರಿ. ಅಮೋನಿಯಾಗೂ ಬಣ್ಣವಿಲ್ಲ, ತಾಮ್ರಕ್ಕೂ ಈ ಪ್ರಮಾಣದಲ್ಲಿ ಬಣ್ಣವಿಲ್ಲ.

ಮೂರನೆಯದು ಉಪ್ಪು. ದಿನಾ ಎರಡು ಲೀಟರ್ ಆರಿದ ಜಾಗಕ್ಕೆ ಉಪ್ಪುನೀರು ತುಂಬಿಸುತ್ತಿದ್ದೀರಿ. ಆರುವುದು ನೀರು ಮಾತ್ರ, ಉಪ್ಪು ಟ್ಯಾಂಕಿನಲ್ಲೇ ಉಳಿಯುತ್ತದೆ. ಎರಡು ಲೀಟರ್‌ನಲ್ಲಿ ಸುಮಾರು 70 ಗ್ರಾಂ ಉಪ್ಪು. ನಿಮ್ಮ ಟ್ಯಾಂಕಿಗೆ ಗಾಜಿನ ಲೆಕ್ಕದಲ್ಲಿ 190 ಲೀಟರ್ ಹಿಡಿಯುತ್ತದೆ, ಮರಳು, ಬಂಡೆ, ಮೇಲೆ ಬಿಟ್ಟ ಜಾಗ ಕಳೆದರೆ ನೀರು 150 ಲೀಟರ್ ಇದ್ದೀತು. ಹತ್ತು ದಿನಕ್ಕೆ 700 ಗ್ರಾಂ ಸೇರಿದರೆ ಲೀಟರ್‌ಗೆ ನಾಲ್ಕೂವರೆ ಗ್ರಾಂಗಿಂತ ಹೆಚ್ಚು. ಸಾವಿರಕ್ಕೆ 35 ಇರಬೇಕಾದ್ದು 40ರ ಹತ್ತಿರ ಬಂದಿರುತ್ತದೆ. ಇನ್ನು ಮೇಲೆ ಆರಿದ ಜಾಗಕ್ಕೆ ಉಪ್ಪಿಲ್ಲದ ನೀರು ಮಾತ್ರ. ಗಾಜಿನ ಮೇಲೆ ಒಂದು ಪಟ್ಟಿ ಅಂಟಿಸಿ ಮಟ್ಟ ಗುರುತು ಹಾಕಿಕೊಳ್ಳಿ, ದಿನಾ ಆ ಗೆರೆಯ ತನಕ ತುಂಬಿಸಿ.

"ಆದರೆ ಹೈಡ್ರೋಮೀಟರ್ 1.024 ತೋರಿಸುತ್ತದಲ್ಲ?" ಅದನ್ನು ನಾನು ನಂಬುವುದಿಲ್ಲ. ತೇಲುವ ಗಾಜಿನ ಹೈಡ್ರೋಮೀಟರನ್ನು ಒರೆಸದೆ ಇಟ್ಟರೆ ಮೇಲೆ ಉಪ್ಪು ಗರಣೆ ಕಟ್ಟುತ್ತದೆ, ತೂಕ ಹೆಚ್ಚಿ ಇನ್ನಷ್ಟು ಮುಳುಗುತ್ತದೆ, ಅಂಕಿ ಕಡಿಮೆ ಬರುತ್ತದೆ. ಅದರ ಕಾಗದದ ಮೇಲೆ ಸಣ್ಣ ಅಕ್ಷರದಲ್ಲಿ ಯಾವ ಉಷ್ಣತೆಗೆ ಮಾಡಿದ್ದೆಂದು ಬರೆದಿರುತ್ತದೆ, ಭೂತಗನ್ನಡಿ ಹಿಡಿದು ಓದಿ. 60 ಡಿಗ್ರಿ ಫ್ಯಾರನ್‌ಹೀಟ್ ಎಂದಿದ್ದರೆ ನಮ್ಮ 27 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಅದು ಎರಡು ಮೂರು ಗೆರೆ ಕಡಿಮೆಯೇ ತೋರಿಸುವುದು. ಬೆಳಕು ಬಾಗುವುದನ್ನು ನೋಡಿ ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್ ಕೊಳ್ಳಿ. ಕೊಂಡ ಮೇಲೆ ಬರೀ ನೀರಿನಿಂದ ಸೊನ್ನೆಗೆ ಹೊಂದಿಸಿ ಸುಮ್ಮನಾಗಬೇಡಿ, 35ರ ದ್ರಾವಣದಿಂದ ಹೊಂದಿಸಿ. ಅದನ್ನು ಮನೆಯಲ್ಲೇ ಮಾಡಬಹುದು: 963.5 ಗ್ರಾಂ ಆರ್‌ಒ ನೀರಿಗೆ 36.5 ಗ್ರಾಂ ಒಣ ಅಡುಗೆ ಉಪ್ಪು. ಬೆಳಕು ಬಾಗುವುದರಲ್ಲಿ ಈ ದ್ರಾವಣ ಸಾವಿರಕ್ಕೆ 35ರ ಸಮುದ್ರ ನೀರಿಗೆ ಸಮ. ಗೂಡು ತೂಗುವ ಕಾಟಾ ಬೇಡ, ಗ್ರಾಂ ತೋರಿಸುವ ಸಣ್ಣ ತಕ್ಕಡಿ ಬೇಕು. ಈ ದ್ರಾವಣ ಮೀಟರಿಗೆ ಮಾತ್ರ, ಟ್ಯಾಂಕಿಗೆ ಅಡುಗೆ ಉಪ್ಪು ಹಾಕುವ ಯೋಚನೆ ಕನಸಲ್ಲೂ ಬೇಡ. ಅದರಲ್ಲಿ ಮೆಗ್ನೀಷಿಯಂ, ಕ್ಯಾಲ್ಸಿಯಂ, ಸಲ್ಫೇಟ್ ಯಾವುದೂ ಇಲ್ಲ.

ಇದಕ್ಕೆ ಸೇರಿದ ಇನ್ನೊಂದು ಮಾತು. ಎಷ್ಟೋ ಅಂಗಡಿಗಳು ಮೀನಿನ ತೊಟ್ಟಿಯಲ್ಲಿ ಉಪ್ಪಿನಂಶ ಕಡಿಮೆ ಇಡುತ್ತವೆ, 1.018ರಿಂದ 1.020 ಇರುತ್ತದೆ. ಉಪ್ಪೂ ಉಳಿಯುತ್ತದೆ, ಪರೋಪಜೀವಿಯೂ ತುಸು ಹತೋಟಿಯಲ್ಲಿರುತ್ತದೆ. ಅಲ್ಲಿಂದ ತಂದ ಮೀನನ್ನು ಗಂಟೆಯೊಳಗೆ ನಿಮ್ಮ ಗಡಸು ಉಪ್ಪುನೀರಿಗೆ ಬಿಟ್ಟರೆ ಅದರ ಮೈಯ ನೀರು ಕಿವಿರಿನ ಮೂಲಕ ಹೊರಗೆ ಹೋಗುತ್ತದೆ. ಉಪ್ಪು ಇಳಿಯುವುದನ್ನು ಮೀನು ಸಹಿಸಿಕೊಳ್ಳುತ್ತದೆ, ಏರುವುದನ್ನು ಸಹಿಸದು. ಸೀಗಡಿಗಂತೂ ಎರಡೂ ಕಷ್ಟ. ಹಾಗಾಗಿ ಸೀಗಡಿಯ ಸಾವಿನಲ್ಲಿ ಉಪ್ಪಿಗೂ ಪಾಲಿದ್ದೀತು, ಆದರೆ ಬಸವನಹುಳುಗಳೂ ಜೊತೆಗೆ ಹೋಗಿರುವುದರಿಂದ ನಾನು ತಾಮ್ರವನ್ನೇ ಮುಂದಿಡುತ್ತೇನೆ. ಮುಂದಿನ ಸಲ ಕೊಳ್ಳುವಾಗ "ನಿಮ್ಮ ಟ್ಯಾಂಕ್ ಎಷ್ಟರಲ್ಲಿದೆ" ಎಂದು ಕೇಳಿ, ಸಾಧ್ಯವಾದರೆ ನಿಮ್ಮ ಮೀಟರಿನಲ್ಲೇ ನೋಡಿ.

ಚೀಲದ ನೀರಿನ ವಿಷಯಕ್ಕೂ ಒಂದು ಎಚ್ಚರಿಕೆ. ಬೆಂಗಳೂರಿನಿಂದ ಶಿಡ್ಲಘಟ್ಟಕ್ಕೆ ಬಸ್ಸಿನಲ್ಲಿ ಬರುವಷ್ಟರಲ್ಲಿ ಮೀನು ಉಸಿರಾಡಿ ಉಸಿರಾಡಿ ಚೀಲದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿ ಪಿಎಚ್ ಇಳಿದಿರುತ್ತದೆ. ಅಮೋನಿಯಾವೂ ಸೇರಿರುತ್ತದೆ, ಆದರೆ ಪಿಎಚ್ ಕಡಿಮೆ ಇರುವುದರಿಂದ ವಿಷವಾಗಿರುವುದಿಲ್ಲ. ಚೀಲ ಬಿಚ್ಚಿದ ತಕ್ಷಣ ಆ ಅನಿಲ ಹಾರಿ ಪಿಎಚ್ ಏರುತ್ತದೆ, ಅಮೋನಿಯಾ ವಿಷವಾಗುತ್ತದೆ. ವಿಡಿಯೋ ನೋಡಿ ಬಿಚ್ಚಿದ ಚೀಲಕ್ಕೆ ಎರಡು ಗಂಟೆ ಹನಿಹನಿ ನೀರು ಬಿಡುವವರು ಒಳ್ಳೆಯದು ಮಾಡುತ್ತೇವೆಂದುಕೊಂಡು ಮೀನನ್ನು ಸುಡುತ್ತಿರುತ್ತಾರೆ. ಚೀಲ ಕಟ್ಟಿದ ಹಾಗೇ ಇಪ್ಪತ್ತು ನಿಮಿಷ ತೇಲಬಿಟ್ಟು ಉಷ್ಣತೆ ಹೊಂದಿಸಿ. ಆಮೇಲೆ ಬಿಚ್ಚಿ, ಅಂಗಡಿಯ ಉಪ್ಪಿನಂಶಕ್ಕೇ ಹೊಂದಿಸಿಟ್ಟ ಬೇರೆ ಟಬ್ಬಿಗೆ ಮೀನನ್ನು ಮಾತ್ರ ಬಿಡಿ. ಚೀಲದ ನೀರು ಬಚ್ಚಲಿಗೆ.

ಬ್ಲೀಚಿಂಗ್ ಪೌಡರಿನ ಗಾಳಿಯ ಬಗ್ಗೆ ಕೇಳಿದ್ದೀರಿ. ಹುಳುಮನೆ ಬೇರೆ, ಟ್ಯಾಂಕ್ ಬೇರೆ ಕೋಣೆಯಲ್ಲಿದ್ದರೆ ಗಾಳಿಯಿಂದ ಆಗುವಂಥದ್ದು ಏನಿಲ್ಲ. ಅದೇ ಬಕೆಟ್, ಅದೇ ಮಗ್ಗು ಎರಡು ಕಡೆಯೂ ಓಡಾಡಿದ್ದರೆ ಮಾತ್ರ ಅನುಮಾನ. ಟ್ಯಾಂಕಿಗೆಂದೇ ಬೇರೆ ಬಕೆಟ್ ಕೊಂಡು ಮೇಲೆ ಬಣ್ಣದಲ್ಲಿ ಬರೆದುಬಿಡಿ. ನನಗೆ ಹೆಚ್ಚು ಭಯವಿರುವುದು ಸೊಳ್ಳೆ ಬತ್ತಿ, ಪ್ಲಗ್ಗಿಗೆ ಸಿಕ್ಕಿಸುವ ಸೊಳ್ಳೆ ಔಷಧಿ, ಜಿರಳೆ ಸ್ಪ್ರೇ ಇವುಗಳದ್ದು. ಇವುಗಳಲ್ಲಿರುವ ಪೈರೆಥ್ರಾಯ್ಡ್ ಮೀನಿಗೂ ಸೀಗಡಿಗೂ ಬಹಳ ಕೆಟ್ಟದ್ದು, ಏರ್ ಪಂಪು ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಊದುತ್ತದೆ. ಹುಳು ಸಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಕ್ಕದ ಟೊಮೆಟೊ ತೋಟಕ್ಕೆ ಹೊಡೆದ ಔಷಧಿ ನಿಮ್ಮ ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತರೆ ಹುಳು ಏನಾಗುತ್ತದೆಂದು ನೀವು ಕಂಡವರೇ. ಹುಳುಮನೆಗೆ ಇಟ್ಟುಕೊಂಡಿರುವ ಕಟ್ಟುಪಾಡನ್ನು ಟ್ಯಾಂಕ್ ಇರುವ ಕೋಣೆಗೂ ಇಟ್ಟುಕೊಳ್ಳಿ.

ಇನ್ನೊಂದು ಸಂಗತಿ ಕರಾವಳಿಯವರ ವಿಡಿಯೋಗಳಲ್ಲಿ ಬರುವುದಿಲ್ಲ, ಏಕೆಂದರೆ ಅವರಿಗೆ ಆ ತೊಂದರೆಯೇ ಇಲ್ಲ. ನಿಮ್ಮೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. 27 ಡಿಗ್ರಿಯಲ್ಲಿ ಸಿಹಿನೀರು ಲೀಟರ್‌ಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ ಸಮುದ್ರದ ನೀರು ಹಿಡಿಯುವುದು ಆರೂವರೆ. ಎತ್ತರದಿಂದಾಗಿ ಅದರಲ್ಲೂ ನೂರಕ್ಕೆ ಹತ್ತರಷ್ಟು ಕಡಿಮೆ. ಗೋಲ್ಡ್ ಫಿಶ್ ಟ್ಯಾಂಕಿನಲ್ಲಿ ನಡೆದ ಒಂದು ಏರ್ ಸ್ಟೋನ್ ಇಲ್ಲಿ ಸಾಲದು. ಟ್ಯಾಂಕಿನೊಳಗೆ ನೀರು ತಿರುಗಿಸುವ ಪಂಪು, ಅಂದರೆ ಪವರ್ ಹೆಡ್ಡಿನ ಮೂತಿಯನ್ನು ಮೇಲ್ಮುಖ ಮಾಡಿ ನೀರಿನ ಮೇಲ್ಮೈ ಸದಾ ಕದಡುತ್ತಿರುವಂತೆ ಇಡಿ. ಗಾಳಿಗುಳ್ಳೆಯ ನೊರೆಯಲ್ಲಿ ಕೊಳೆ ತೆಗೆಯುವ ಪ್ರೋಟೀನ್ ಸ್ಕಿಮ್ಮರ್ ಇದ್ದರೆ ಇನ್ನೂ ಒಳ್ಳೆಯದು. ಬ್ಯಾಟರಿಯಲ್ಲಿ ನಡೆಯುವ ಏರ್ ಪಂಪು ಒಂದಿರಲಿ. ರಾತ್ರಿ ಕರೆಂಟ್ ಹೋಗಿ ಬೆಳಿಗ್ಗೆ ಬಂದರೆ ತುಂಬಿದ ಟ್ಯಾಂಕಿನ ಮೀನು ಸಾಯಲು ಅಷ್ಟೇ ಸಾಕು.

ಘಟಕದ ಕ್ಯಾನ್ ನೀರಿನ ಬಗ್ಗೆ ಎರಡೇ ಮಾತು. ಈ ಸಾವುಗಳಿಗೆ ಅದು ಕಾರಣವಲ್ಲ. ಆದರೆ ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬೋರ್‌ವೆಲ್ ನೀರಿನ ಫ್ಲೋರೈಡ್, ನೈಟ್ರೇಟ್ ಗೊತ್ತಿರುವ ವಿಷಯವೇ, ಮೆಂಬ್ರೇನ್ ಹಳೆಯದಾದರೆ ಸ್ವಲ್ಪ ದಾಟಿ ಬರುತ್ತದೆ. ನೀರಿನಲ್ಲಿ ಕರಗಿದ ಲವಣ ಎಷ್ಟೆಂದು ತೋರಿಸುವ ಟಿಡಿಎಸ್ ಪೆನ್ ಇಟ್ಟುಕೊಂಡು ನೋಡಿ. ಸೊನ್ನೆಗೆ ಹತ್ತಿರ ಇರದಿದ್ದರೆ ಆರ್‌ಒ ನೀರನ್ನು ಉಳಿದ ಲವಣವನ್ನೂ ಹೀರುವ ಡಿಐ ರಾಳದ ಕಾರ್ಟ್ರಿಜ್‌ನಲ್ಲಿ ಹಾಯಿಸಿ, ಇಲ್ಲವಾದರೆ ಮುಂದೆ ಪಾಚಿಯ ಕಾಟ.

ಲೈವ್ ರಾಕ್ ಬೇಡವೇ ಬೇಡ. ಅದು ಕಡಲಿನಿಂದ ಕಿತ್ತ ಹವಳದ ಬಂಡೆ. ಹವಳ ದಿಬ್ಬ ಕಟ್ಟುವ ಹವಳಗಳನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಗೆ 2001ರಲ್ಲಿ ಸೇರಿಸಲಾಗಿದೆ. ಹುಲಿಗೆ ಇರುವ ರಕ್ಷಣೆಯೇ ಅದಕ್ಕೂ ಇದೆ. ತರುವವರಿಗೂ ಇಟ್ಟುಕೊಳ್ಳುವವರಿಗೂ ಜೈಲಿನ ಶಿಕ್ಷೆ ಇದೆ, "ಗೊತ್ತಿರಲಿಲ್ಲ" ಅಂದರೆ ನಡೆಯುವುದಿಲ್ಲ. ಕಡಲಕುದುರೆಗೂ ಇದೇ ಕಾನೂನು. ಅದೂ ಅಲ್ಲದೆ ತಾಮ್ರ ಇರುವ ನೀರಿಗೆ ಆ ಬಂಡೆ ಹಾಕಿದರೆ ಅದರ ಮೇಲಿರುವ ಸಣ್ಣಪುಟ್ಟ ಜೀವಿಗಳೆಲ್ಲ ಸತ್ತು ಇನ್ನಷ್ಟು ಅಮೋನಿಯಾ. ನಿಮ್ಮ ಒಣ ಬಂಡೆ ಸಾಕು, ತಡವಾಗುತ್ತದೆ ಅಷ್ಟೇ.

ಈಗ ಕೆಲಸ. ಮೊದಲು ಡ್ಯಾಮ್ಸೆಲ್. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಹೊಸದಾಗಿ ಉಪ್ಪುನೀರು ಮಾಡಿ. ತಣ್ಣೀರು ಸಾಕು, ಒಳಗೊಂದು ಸಣ್ಣ ಪಂಪು ಬಿಟ್ಟು ಒಂದು ದಿನ ತಿರುಗಲಿ, ಕರಗದೆ ಎಲ್ಲಿಗೆ ಹೋಗುತ್ತದೆ? ಲೀಟರ್‌ಗೆ 37–38 ಗ್ರಾಂ ಪುಡಿ ಹಿಡಿಯಬಹುದು, ಕೊನೆಯ ಮಾತು ಮೀಟರಿನದ್ದು. ಡ್ಯಾಮ್ಸೆಲ್‌ಗೆಂದು ಒಂದು 40 ಲೀಟರ್ ಟಬ್ಬಿನಲ್ಲಿ ಈ ನೀರು, ಒಂದು ಸ್ಪಾಂಜ್ ಫಿಲ್ಟರ್, ಅಡಗಲು ಒಂದು ಪಿವಿಸಿ ಪೈಪಿನ ತುಂಡು. ಟಬ್ಬಿನ ನೀರು ಈಗಿನ ಟ್ಯಾಂಕಿಗಿಂತ ತುಸು ಕಡಿಮೆ ಉಪ್ಪಿದ್ದರೆ ಪರವಾಗಿಲ್ಲ, ಹೆಚ್ಚಿರಬಾರದು. ಒಂದು ದಿನ ಬಿಟ್ಟು ಒಂದು ದಿನ ಅರ್ಧ ನೀರು ಬದಲಿಸಿ, ದಿನಕ್ಕೊಮ್ಮೆ ಒಂದು ಚಿಟಿಕೆ ಊಟ. ಅಂಗಡಿಯವರು ವಾಪಸ್ ತೆಗೆದುಕೊಂಡರೆ ಕೊಟ್ಟುಬಿಡಿ. ಡ್ಯಾಮ್ಸೆಲ್ ಮೊದಲು ಬಂದು ಟ್ಯಾಂಕನ್ನು ತನ್ನದು ಮಾಡಿಕೊಂಡರೆ ಆಮೇಲೆ ಬರುವ ಪ್ರತಿ ಮೀನಿನ ರೆಕ್ಕೆ ಹರಿಯುತ್ತದೆ.

ಆಮೇಲೆ ಟ್ಯಾಂಕಿನ ಇಡೀ ನೀರು ಚೆಲ್ಲಿ. ನೋವಾಗುತ್ತದೆ, ಐದಾರು ಕೆಜಿ ಉಪ್ಪು ಹೋಗುತ್ತದೆ. ಆದರೂ ಚೆಲ್ಲಿ. ಗಿಡಕ್ಕೆ ಹಾಕಬೇಡಿ, ಉಪ್ಪು. ಚೆಲ್ಲುವ ಮೊದಲು ಒಂದು ಲೀಟರ್ ಬಾಟಲಿಯಲ್ಲಿ ತೆಗೆದಿಟ್ಟು ತಾಮ್ರದ ಟೆಸ್ಟ್ ಕಿಟ್ ತಂದು ನೋಡಿ. ಮರಳನ್ನು ಎಸೆಯಿರಿ, ಚಿಪ್ಪುಗಳ ಸಮೇತ. ಸುಣ್ಣದಂಶವಿರುವ ಮರಳು, ಬಂಡೆಗಳು ತಾಮ್ರವನ್ನು ಹೀರಿಟ್ಟುಕೊಂಡು ಆಮೇಲೆ ನಿಧಾನವಾಗಿ ಬಿಡುತ್ತವೆ. ಮರಳು ಅಗ್ಗ, ಬಂಡೆ ದುಬಾರಿ, ಹಾಗಾಗಿ ಬಂಡೆಗೆ ಒಂದು ಅವಕಾಶ ಕೊಡೋಣ: ಹೊಸ ಉಪ್ಪುನೀರಿನ ಬಕೆಟ್ಟಿನಲ್ಲಿ ವಾರ ನೆನೆಸಿಟ್ಟು ಆ ನೀರಿನ ತಾಮ್ರ ನೋಡಿ. ಕಿಟ್‌ನಲ್ಲಿ ಬಣ್ಣ ಬಂದರೆ ನೀರು ಚೆಲ್ಲಿ ಇನ್ನೊಂದು ವಾರ. ಆಕ್ಟಿವೇಟೆಡ್ ಕಾರ್ಬನ್ ಸ್ವಲ್ಪ ಹೀರುತ್ತದೆ, ತಾಮ್ರಕ್ಕೆಂದೇ ಇರುವ ರಾಳಗಳು ಹೆಚ್ಚು ಹೀರುತ್ತವೆ.

ತಾಮ್ರ ಸೊನ್ನೆಯಾದ ಮೇಲೆ ಮೀನಿಲ್ಲದೆ ಟ್ಯಾಂಕ್ ಹದ ಮಾಡಿ. ಬ್ಯಾಕ್ಟೀರಿಯಾಕ್ಕೆ ಊಟ ಬೇಕು, ಅದು ಅಮೋನಿಯಾ. ಅಮೋನಿಯಂ ಕ್ಲೋರೈಡ್, ನಮ್ಮ ಹಳೆಯ ನವಸಾಗರ. ಕಲಾಯಿ ಹಾಕುವವರ ಹತ್ತಿರ ಸಿಗುವುದು ಬೇಡ, ಪ್ರಯೋಗಾಲಯಕ್ಕೆ ಮಾರುವ ಶುದ್ಧವಾದದ್ದು ತನ್ನಿ. 150 ಲೀಟರ್ ನೀರಿಗೆ 1 ಗ್ರಾಂ ಹಾಕಿದರೆ ಅಮೋನಿಯಾ ಸುಮಾರು 2ಕ್ಕೆ ಬರುತ್ತದೆ. ಅದು ಸಿಗದಿದ್ದರೆ ಒಂದು ಹಸಿ ಸೀಗಡಿಯನ್ನು ಬಲೆಯಲ್ಲಿ ಕಟ್ಟಿ ಇಳಿಬಿಟ್ಟರೂ ಆಗುತ್ತದೆ, ವಾಸನೆಗೆ ಮನೆಯವರು ಏನೆನ್ನುತ್ತಾರೋ ನೀವೇ ನೋಡಿಕೊಳ್ಳಿ. ಉಷ್ಣತೆ 26ರಿಂದ 28 ಇರಲಿ, ಲೈಟ್ ಬೇಡ. ಮೊದಲು ಅಮೋನಿಯಾ ಇಳಿಯುತ್ತದೆ, ನೈಟ್ರೈಟ್ ಏರುತ್ತದೆ, ಆಮೇಲೆ ಅದೂ ಇಳಿಯುತ್ತದೆ. ಮತ್ತೆ 1 ಗ್ರಾಂ ಹಾಕಿ. ಇಪ್ಪತ್ತನಾಲ್ಕು ಗಂಟೆಯೊಳಗೆ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಯಾದರೆ ಟ್ಯಾಂಕ್ ಹದಕ್ಕೆ ಬಂತು. ಅರ್ಧಕ್ಕಿಂತ ಹೆಚ್ಚು ನೀರು ಬದಲಿಸಿ ನೈಟ್ರೇಟ್ ಇಳಿಸಿ, ಆಮೇಲೆ ಮೀನಿನ ಮಾತು.

ಒಂದು ಜೋಡಿ ಕ್ಲೌನ್ ಸಾಕು. ತೊಟ್ಟಿಯಲ್ಲಿ ಮರಿಮಾಡಿದ್ದೇ ಬೇಕೆಂದು ಕೇಳಿ. ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಕ್ಲೌನ್ ಮರಿ ಮಾಡುವ ವಿಧಾನವನ್ನು ಎಂದೋ ಕೈವಶ ಮಾಡಿಕೊಂಡಿದ್ದಾರೆ, ಇಂದು ನಮ್ಮಲ್ಲೇ ಹುಟ್ಟಿದ ಮರಿಗಳು ಮಾರುಕಟ್ಟೆಯಲ್ಲಿವೆ. ಕಡಲಿನಿಂದ ಹಿಡಿದದ್ದಕ್ಕಿಂತ ಅವು ಗಟ್ಟಿ, ಕಾಳು ಊಟಕ್ಕೆ ಒಗ್ಗಿರುತ್ತವೆ. ಹೊರದೇಶದಿಂದ ಬರುವ ಕಾಡು ಮೀನುಗಳಲ್ಲಿ ಕೆಲವನ್ನು ಸಯನೈಡ್ ಚಿಮ್ಮಿಸಿ ಹಿಡಿದಿರುತ್ತಾರೆ. ಅವು ಚೆನ್ನಾಗೇ ತಿನ್ನುತ್ತಿದ್ದು ಕಾರಣವೇ ಕಾಣದೆ ಸಾಯುವುದುಂಟು. ಬ್ಲೂ ಟ್ಯಾಂಗ್ ಮತ್ತೆ ತರಬೇಡಿ. ಅಂಗೈಯಲ್ಲಿ ಹಿಡಿಯುವಷ್ಟಿರುವ ಅದು ಒಂದಡಿ ತನಕ ಬೆಳೆಯುತ್ತದೆ, ಇಡೀ ದಿನ ಓಡಾಡುವ ಮೀನು, ಆರಡಿ ಟ್ಯಾಂಕ್ ಇಲ್ಲದವರು ಅದರ ಆಸೆ ಬಿಡಬೇಕು.

ಕ್ಲೌನ್ ಜೋಡಿಯನ್ನು ಆ 40 ಲೀಟರ್ ಟಬ್ಬಿನಲ್ಲೇ ಒಂದು ತಿಂಗಳು ಪ್ರತ್ಯೇಕ ಇಟ್ಟು ನೋಡಿ. ನಿಜವಾದ ರೋಗ ಬಂದರೆ ಕಾಣುವುದು ಇಲ್ಲಿ. ರವೆ ಉದುರಿಸಿದಂತೆ ಬಿಳಿ ಚುಕ್ಕೆ ಬಂದು, ಮಾಯವಾಗಿ, ಮತ್ತೆ ಬಂದರೆ ಕ್ರಿಪ್ಟೋಕ್ಯಾರಿಯಾನ್. ಪಕ್ಕದಿಂದ ಟಾರ್ಚ್ ಹಿಡಿದಾಗ ಹೊಂಬಣ್ಣದ ಧೂಳು ಕಂಡರೆ, ಮೀನು ಪಂಪಿನ ರಭಸಕ್ಕೇ ಮುಖ ಕೊಟ್ಟು ನಿಂತರೆ ವೆಲ್ವೆಟ್. ಇದು ಎರಡು ದಿನದಲ್ಲಿ ಕೊಂದುಬಿಡುತ್ತದೆ, ಕಾಯುವಂತಿಲ್ಲ. ಕ್ಲೌನ್ ಮೈಮೇಲೆ ಲೋಳೆ ಪದರ ಪದರವಾಗಿ ಸುಲಿದರೆ ಬ್ರೂಕ್‌ಲಿನೆಲ್ಲಾ. ಮೊದಲೆರಡಕ್ಕೆ ತಾಮ್ರ, ಮೂರನೆಯದಕ್ಕೆ ತಾಮ್ರ ನಡೆಯುವುದಿಲ್ಲ, ಫಾರ್ಮಲಿನ್. ಇದೆಲ್ಲ ಟಬ್ಬಿನಲ್ಲಿ ಮಾತ್ರ, ಟೆಸ್ಟ್ ಕಿಟ್ ಪಕ್ಕದಲ್ಲಿಟ್ಟುಕೊಂಡು. ದೊಡ್ಡ ಟ್ಯಾಂಕಿಗೆ ಕ್ರಿಪ್ಟೋಕ್ಯಾರಿಯಾನ್ ಸೇರಿದರೆ ಮೀನುಗಳನ್ನೆಲ್ಲ ಹೊರತೆಗೆದು ಟ್ಯಾಂಕನ್ನು ಖಾಲಿ ಬಿಡಬೇಕಾಗುತ್ತದೆ. ಹವ್ಯಾಸಿಗಳು ಪಾಲಿಸುವ ಲೆಕ್ಕ 76 ದಿನ. ಒಂದು ತಿಂಗಳ ಟಬ್ಬು ಅದಕ್ಕಿಂತ ಅಗ್ಗ.

ಗೋಲ್ಡ್ ಫಿಶ್‌ಗೆ ಹಿಂತಿರುಗುವ ಅಗತ್ಯ ನನಗೆ ಕಾಣುತ್ತಿಲ್ಲ. ಟ್ಯಾಂಕ್, ಬಂಡೆ, ಪಂಪು ಎಲ್ಲ ಸರಿಯಾಗಿಯೇ ಇದೆ. ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಸ್ನಾನಕ್ಕೆ ಬಿಟ್ಟುಕೊಡಿ. ತೆಗೆದಿಟ್ಟ ನೀರಿನ ತಾಮ್ರದ ಅಂಕಿ, ಬಂಡೆ ನೆನೆಸಿದ ಬಕೆಟ್ಟಿನ ಅಂಕಿ, ಹೊಸ ಮೀಟರಿನಲ್ಲಿ ಹಳೆಯ ನೀರಿನ ಉಪ್ಪಿನಂಶ, ಈ ಮೂರನ್ನು ಬರೆದು ಕಳಿಸಿ. ಬಂಡೆ ಇಟ್ಟುಕೊಳ್ಳುವುದೋ ಬಿಡುವುದೋ ಅದನ್ನು ನೋಡಿ ಹೇಳುತ್ತೇನೆ.